ಬಿರುಗಾಳಿ ಬಂತೆಂದರೆ ಮೊದಲು ಹುಣ್ಣಿಮೆ ಎಂದು ನೋಡಿ: ಗಾಲ್ವೇಗೆ ಹೊಸದಾಗಿ ಬಂದವರಿಗೆ

ಚಳಿಗಾಲದ ಮೊದಲ ಬಿರುಗಾಳಿಯ ಎಚ್ಚರಿಕೆ ಮೊಬೈಲಿಗೆ ಬಂದ ಕೂಡಲೇ ಐರ್ಲೆಂಡಿನ ಪಶ್ಚಿಮ ಕರಾವಳಿಯ ಈ ಗಾಲ್ವೇ ಊರಿಗೆ ಹೊಸದಾಗಿ ಬಂದ ನಮ್ಮವರು ಫೋನ್ ಮಾಡಿ ಕೇಳುವುದು ಒಂದೇ ಮಾತು: "ಎಷ್ಟು ಮಳೆ ಬರಬಹುದು ಸರ್?" ನಾನೂ ಬಂದ ವರ್ಷ ಅದನ್ನೇ ಕೇಳಿದ್ದೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಅದಲ್ಲ. ಉಬ್ಬರ ಎಷ್ಟು ಗಂಟೆಗೆ, ಗಾಳಿ ಯಾವ ಕಡೆಯಿಂದ, ಇವತ್ತು ಯಾವ ತಿಥಿ ಎಂದು ಕೇಳಬೇಕು. ಇದು ನನಗೆ ತಿಳಿದದ್ದು ಒಂದು ಕಾರು ಕಳೆದುಕೊಂಡ ಮೇಲೆ. ಜೀವವನ್ನೂ ಕಳೆದುಕೊಳ್ಳುವ ಹತ್ತಿರ ಹೋಗಿ ಬಂದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಕುಮಟಾ ಕಡೆಯವನು. ಅಘನಾಶಿನಿ ಅಳಿವೆಯ ಪಕ್ಕದ ಊರು. ಕಡಲು ನನಗೆ ಹೊಸದಲ್ಲ ಎಂಬ ಧೈರ್ಯದಲ್ಲೇ ಇಲ್ಲಿಗೆ ಬಂದವನು. ಆದರೆ ನೆರೆ ಎಂದರೆ ನನಗೆ ಗೊತ್ತಿದ್ದದ್ದು ಆಷಾಢ, ಶ್ರಾವಣದ ನೆರೆ. ಘಟ್ಟದ ಮೇಲೆ ನಾಲ್ಕು ದಿನ ಬಿಡದೆ ಮಳೆ ಹೊಡೆಯುತ್ತದೆ, ಹೊಳೆ ಕೆಂಪಾಗುತ್ತದೆ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಅದು ಅಂಗಳಕ್ಕೆ ಬರುವಷ್ಟರಲ್ಲಿ ಅಕ್ಕಿ ಮೂಟೆ ಅಟ್ಟಕ್ಕೇರಿರುತ್ತದೆ. ಇಲ್ಲಿ ಒಂದು ಹನಿ ಮಳೆಯಿಲ್ಲದೆ ಬೀದಿ ಮುಳುಗಬಹುದು. ನೀರು ಏರಲು ಅರ್ಧ ಗಂಟೆಯೂ ಬೇಕಿಲ್ಲ.

ನಾವು ಬಂದದ್ದು 2017ರ ಬೇಸಿಗೆಯಲ್ಲಿ. ಆ ಅಕ್ಟೋಬರ್ 16ಕ್ಕೆ ಒಫೀಲಿಯಾ ಬಿರುಗಾಳಿ. ಎಲ್ಲಕ್ಕಿಂತ ಗಂಭೀರವಾದ ರೆಡ್ ಎಚ್ಚರಿಕೆ, ಶಾಲೆ, ಕಚೇರಿ ಎಲ್ಲ ರಜೆ. ನಾವಿಬ್ಬರೂ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಹೆದರಿ ಕೂತೆವು. ನಮ್ಮ ಬೀದಿಯಲ್ಲಿ ಏನೂ ಆಗಲಿಲ್ಲ. ಏನೂ ಆಗಲಿಲ್ಲವಲ್ಲ, ಇವರು ಸುಮ್ಮನೆ ಹೆದರಿಸುತ್ತಾರೆ ಎಂದುಕೊಂಡೆ. ಆ ದಿನ ಈ ದೇಶದಲ್ಲಿ ಮೂವರು ಸತ್ತಿದ್ದರು. ನನ್ನ ಬೀದಿಯನ್ನೇ ದೇಶ ಎಂದುಕೊಂಡದ್ದು ನನ್ನ ಮೊದಲ ತಪ್ಪು.

ಎರಡನೆಯ ತಪ್ಪು 2018ರ ಜನವರಿ 2ರದು. ಎಲೆನರ್ ಎಂಬ ಬಿರುಗಾಳಿ. ಈ ಸಲ ರೆಡ್ ಇರಲಿಲ್ಲ, ಹಾಗಾಗಿ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಕಾರನ್ನು ಸಾಲ್ಟ್‌ಹಿಲ್‌ನಲ್ಲಿ ಕಡಲಿಗೆ ಅಂಟಿಕೊಂಡ ಕಾರ್ ಪಾರ್ಕಿನಲ್ಲಿ ನಿಲ್ಲಿಸಿದ್ದೆ. ಮಧ್ಯಾಹ್ನ ಎರಡು ಗಂಟೆಗೆ ಪಕ್ಕದ ಮನೆಯ ಅಜ್ಜಿ ಬಾಗಿಲು ಬಡಿದರು. ಇಲ್ಲಿ ಎಂಬತ್ತು ವರ್ಷದವರನ್ನೂ ಹೆಸರು ಹಿಡಿದೇ ಕರೆಯಬೇಕು. ನಮಗೆ ನಾಲಿಗೆ ಏಳುವುದಿಲ್ಲ, ಮನೆಯಲ್ಲಿ ನಮ್ಮಷ್ಟಕ್ಕೆ ಅಜ್ಜಿ ಎಂದೇ ಹೇಳಿಕೊಳ್ಳುತ್ತೇವೆ. ಅವರ ಹಿರಿಯರು ಕ್ಲಾಡಾದ ಮೀನುಗಾರರು, ಕಾರಿಬ್ ನದಿ ಕಡಲು ಸೇರುವ ಜಾಗದವರು. "ಐದು ಗಂಟೆಯ ಉಬ್ಬರ ದೊಡ್ಡದು, ಗಾಳಿ ಪಶ್ಚಿಮಕ್ಕೆ ತಿರುಗುತ್ತಿದೆ, ಕಾರು ತೆಗೆದುಬಿಡು" ಎಂದರು. ಆಯಿತು ಎಂದೆ. ಚಹಾ ಕುಡಿದು ಹೋದರಾಯಿತು ಎಂದುಕೊಂಡೆ. ಮಗು ಮಲಗಿತ್ತು, ಎಬ್ಬಿಸುವುದು ಬೇಡ ಎಂದುಕೊಂಡೆ. ಮಳೆ ಇರಲಿಲ್ಲ ನೋಡಿ.

ಹಿಂದಿನ ದಿನವಷ್ಟೇ ನನ್ನ ಅತ್ತೆ ಬಾದಾಮಿಯಿಂದ ಫೋನ್ ಮಾಡಿದ್ದರು. "ನಾಳೆ ಬನದ ಹುಣ್ಣಿವಿ ಐತಿ, ಬನಶಂಕರಿ ತೇರಿಗೆ ಹೊಂಟೀವಿ, ಕೂಸಿನ ಹೆಸರಲೆ ಹಣ್ಣುಕಾಯಿ ಮಾಡಸ್ತೀವಿ" ಎಂದು ಮಗಳಿಗೆ ಹೇಳಿದ್ದು ನನಗೂ ಕೇಳಿಸಿತ್ತು. ಹುಣ್ಣಿಮೆ ಎಂಬ ಮಾತು ಕಿವಿಗೆ ಬಿದ್ದರೂ ಕಡಲಿನ ನೆನಪಾಗಲಿಲ್ಲ. ನನ್ನ ಅಜ್ಜ ಅಳಿವೆಯ ಪಕ್ಕದ ಉಪ್ಪುನೀರಿನ ಗದ್ದೆಯಾದ ಗಜನಿಯಲ್ಲಿ ಕಗ್ಗ ಭತ್ತ ಬೆಳೆದವರು. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಬಂತೆಂದರೆ ಹಿಂದಿನ ಸಂಜೆಯೇ ಒಡ್ಡಿನ ಮೇಲೆ ನಡೆದು, ಉಪ್ಪುನೀರು ತಡೆಯುವ ಹಲಗೆ ಬಾಗಿಲನ್ನು ಕಾಲಲ್ಲಿ ಒದ್ದು ನೋಡಿ ಬರುತ್ತಿದ್ದರು. ಅವರ ಮೊಮ್ಮಗ ನಾನು. ಎರಡು ತಲೆಮಾರಿನಲ್ಲಿ ಇಷ್ಟು ಕಳೆದುಹೋಗಿದೆ.

ಐದೂಕಾಲಿಗೆ ಹೋದಾಗ ಕತ್ತಲಾಗಿತ್ತು. ಅಲೆ ಗೋಡೆಯನ್ನು ದಾಟುತ್ತಿರಲಿಲ್ಲ, ಗೋಡೆಯೇ ಇಲ್ಲದಂತೆ ನೀರು ಸಲೀಸಾಗಿ ಒಳಗೆ ಬರುತ್ತಿತ್ತು. ಕಾರಿನ ಗಾಲಿ ಕಾಣುತ್ತಿರಲಿಲ್ಲ. ನೋಡುತ್ತಿದ್ದಂತೆ ಹೆಡ್‌ಲೈಟ್ ತಾನಾಗಿ ಹೊತ್ತಿಕೊಂಡಿತು, ವೈಪರ್ ತಾನಾಗಿ ಆಡತೊಡಗಿತು. ಉಪ್ಪುನೀರು ವೈರಿಗೆ ಇಳಿದಿತ್ತು. ನಾನು ಕೀಲಿ ಹಿಡಿದು ನೀರಿಗಿಳಿದೆ. ಮೊಣಕಾಲಿಗೆ ಬಂದಿತ್ತು, ಮುಂದಿನ ಅಲೆಗೆ ತೊಡೆಗೆ ಬಂತು, ಹಿಂದೆ ಸರಿಯುವಾಗ ಕಾಲಡಿಯ ಕಲ್ಲುಗಳನ್ನೇ ಎಳೆದುಕೊಂಡು ಹೋಯಿತು. ಯಾರೋ ಜಾಕೆಟ್ಟಿನ ಕಾಲರ್ ಹಿಡಿದು ಎಳೆದರು. ಅವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಬೈದರು, ನನ್ನನ್ನು ರಸ್ತೆಯ ಎತ್ತರದ ಕಡೆಗೆ ದೂಡಿ ಮುಂದೆ ಹೋದರು. ಆ ಸಂಜೆ ಊರೊಳಗೆ ಸ್ಪ್ಯಾನಿಷ್ ಆರ್ಚ್, ಫ್ಲಡ್ ಸ್ಟ್ರೀಟ್, ಮರ್ಚೆಂಟ್ಸ್ ರೋಡ್ ಎಲ್ಲ ನೀರು. ಏಳು ತಿಂಗಳ ಮಗು ಮನೆಯಲ್ಲಿತ್ತು. ಹಳೆಯ ಕಾರಿಗಾಗಿ ನಾನು ಏನು ಮಾಡಹೊರಟಿದ್ದೆ ಎಂದು ಈಗಲೂ ಕೆಲವು ರಾತ್ರಿ ಎಚ್ಚರವಾಗುತ್ತದೆ.

ಉಳಿತಾಯ ಎಂದು ಥರ್ಡ್ ಪಾರ್ಟಿ ವಿಮೆ ಮಾಡಿಸಿದ್ದೆ, ಒಂದು ಪೈಸೆ ಬರಲಿಲ್ಲ. ನೀವು ಕಡಲ ಹತ್ತಿರ ಇರುವುದಾದರೆ ಕಾಂಪ್ರಹೆನ್ಸಿವ್ ಮಾಡಿಸಿ. ಬಾಡಿಗೆ ಮನೆಯಾದರೆ ಮಾಲೀಕರ ವಿಮೆ ನಿಮ್ಮ ಸಾಮಾನಿಗೆ ಬರುವುದಿಲ್ಲ, ಅದಕ್ಕೆ ಬೇರೆಯೇ ಮಾಡಿಸಬೇಕು. ಮನೆ ಹಿಡಿಯುವ ಮೊದಲು ಸರ್ಕಾರದ ಫ್ಲಡ್‌ಇನ್ಫೋ ನಕ್ಷೆಯಲ್ಲಿ ಆ ಬೀದಿ ನೋಡಿ. ಪಾಸ್‌ಪೋರ್ಟ್, ಇಲ್ಲಿ ವಾಸಿಸಲು ಕೊಡುವ ಐಆರ್‌ಪಿ ಕಾರ್ಡು, ಮಕ್ಕಳ ಜನನ ಪತ್ರ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮೇಲಿನ ಮಹಡಿಯಲ್ಲಿಡಿ. ಕಾಗದಪತ್ರದ ಮಾತು ಇಷ್ಟೇ.

ಈಗ ಕಡಲಿನ ಲೆಕ್ಕ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆಯ ದಿನವೂ ಇಳಿತಕ್ಕೂ ಉಬ್ಬರಕ್ಕೂ ಇರುವ ಅಂತರ ಒಂದು, ಒಂದೂವರೆ ಮೀಟರಿನ ಆಸುಪಾಸು. ಗಾಲ್ವೇಯಲ್ಲಿ ಅದು ನಾಲ್ಕೂವರೆ ಮೀಟರ್. ನಮ್ಮ ಕಣ್ಣಿನ ಅಳತೆ ಇಲ್ಲಿ ನಡೆಯುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆ ಕಳೆದ ಒಂದೆರಡು ದಿನ ಉಬ್ಬರ ಎಲ್ಲಕ್ಕಿಂತ ದೊಡ್ಡದು, ಅಷ್ಟಮಿಯ ಆಚೀಚೆ ಸಣ್ಣದು. ಅದರ ಮೇಲೆ ಬಿರುಗಾಳಿ ಬಂದಾಗ ವಾಯುಭಾರ ಕುಸಿಯುತ್ತದೆ. ಒಂದು ಮಿಲಿಬಾರ್ ಇಳಿದರೆ ಕಡಲು ಸುಮಾರು ಒಂದು ಸೆಂಟಿಮೀಟರ್ ಏಳುತ್ತದೆ, ಐವತ್ತು ಇಳಿದರೆ ಅರ್ಧ ಮೀಟರ್ ನೀರು ಸುಮ್ಮನೆ ಮೇಲೆದ್ದು ನಿಂತಿರುತ್ತದೆ. ಗಾಲ್ವೇ ಕೊಲ್ಲಿ ಪಶ್ಚಿಮಕ್ಕೆ ಬಾಯಿ ತೆರೆದ ಆಲಿಕೆಯಂತೆ ಇದೆ, ಗಾಳಿ ಆ ಕಡೆಯಿಂದ ಬಂದರೆ ನೀರೆಲ್ಲ ಊರಿನ ಮೂಲೆಗೇ ಬಂದು ತುಂಬುತ್ತದೆ. ಆ ಹೊತ್ತಿಗೆ ಕಾರಿಬ್ ಹೊಳೆಯ ನೀರಿಗೂ ಹೊರಗೆ ಹೋಗಲು ದಾರಿಯಿಲ್ಲ. ಇನ್ನೊಂದು ವಿಷಯ ನಮ್ಮಂಥ ಮಕ್ಕಳೊಂದಿಗರು ಬರೆದಿಟ್ಟುಕೊಳ್ಳಬೇಕು: ಇಲ್ಲಿ ದೊಡ್ಡ ಉಬ್ಬರಗಳು ಚಳಿಗಾಲದಲ್ಲಿ ಬೆಳಿಗ್ಗೆ, ಸಂಜೆ ಐದಾರು ಗಂಟೆಯ ಸುಮಾರಿಗೇ ಬರುತ್ತವೆ. ನಾವು ಕೆಲಸ ಬಿಟ್ಟು ಮಕ್ಕಳನ್ನು ಕರೆದುಕೊಂಡು ಬರುವ ಹೊತ್ತು, ಅದೂ ಕತ್ತಲು.

ಇಲ್ಲಿನ ಹವಾಮಾನ ಇಲಾಖೆ ಮೆಟ್ ಏರನ್ ಕೊಡುವ ಯೆಲ್ಲೋ, ಆರೆಂಜ್, ರೆಡ್ ಬಣ್ಣವನ್ನಷ್ಟೇ ನೋಡಿ ಫೋನ್ ಮುಚ್ಚಬೇಡಿ. ನಮ್ಮ ಬೀದಿಗೆ ಬರುವುದು ಬಣ್ಣದ ಕೆಳಗಿನ ವಾಕ್ಯದಲ್ಲಿ ಇರುತ್ತದೆ. ಅಲ್ಲಿ ಕರಾವಳಿ ಪ್ರವಾಹ, ಉಬ್ಬರ ಎಂಬ ಮಾತು ಇದೆಯೇ ಎಂದು ಓದಿ. 2025ರ ಜನವರಿ 24ರ ಎಯೊವಿನ್ ಬಿರುಗಾಳಿಯನ್ನೇ ನೋಡಿ. ಇಡೀ ದೇಶಕ್ಕೆ ರೆಡ್. ನಮ್ಮದೇ ಕೌಂಟಿಯ ಮೇಸ್ ಹೆಡ್‌ನಲ್ಲಿ ಗಂಟೆಗೆ 184 ಕಿಲೋಮೀಟರ್ ಗಾಳಿ, 1945ರ 182ರ ದಾಖಲೆ ಮುರಿಯಿತು. ಆದರೂ ಕಡಲು 2018ರಂತೆ ಊರೊಳಗೆ ಬರಲಿಲ್ಲ. ಆ ದಿನ ಕೃಷ್ಣ ಪಕ್ಷದ ದಶಮಿ, ಉಬ್ಬರ ಸಣ್ಣದು. ಅದೇ ಗಾಳಿ ಐದಾರು ದಿನ ತಡವಾಗಿ, ಅಮಾವಾಸ್ಯೆಯ ಸಂಜೆ ಬಂದಿದ್ದರೆ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಎಯೊವಿನ್ ಬೇರೆ ರೀತಿಯಲ್ಲಿ ಪಾಠ ಕಲಿಸಿತು. 7 ಲಕ್ಷ 68 ಸಾವಿರ ಮನೆ, ಅಂಗಡಿ, ಹೊಲಮನೆಗಳಿಗೆ ಕರೆಂಟ್ ಹೋಯಿತು, ಕೆಲವರಿಗೆ ಎರಡು ವಾರ ದಾಟಿದರೂ ಬರಲಿಲ್ಲ. ಕರೆಂಟ್ ಹೋಗುವುದು ನಮಗೇನು ಹೊಸತೇ ಎಂದು ನಮ್ಮವರು ಹೇಳುವುದನ್ನು ಕೇಳಿದ್ದೇನೆ. ದಯವಿಟ್ಟು ಹಾಗೆ ಹೇಳಬೇಡಿ. ಕುಮಟೆಯ ಮನೆಯಲ್ಲಿ ಕರೆಂಟ್ ಹೋದರೆ ಬಾವಿ ಇತ್ತು, ಸೌದೆ ಒಲೆ ಇತ್ತು, ಚಿಮಣಿ ದೀಪ ಇತ್ತು. ಇಲ್ಲಿ ಕರೆಂಟಿನ ಜೊತೆ ಮನೆಯ ಬಿಸಿ ಹೋಗುತ್ತದೆ, ಗ್ಯಾಸ್ ಬಾಯ್ಲರ್‌ಗೂ ಕರೆಂಟ್ ಬೇಕು. ಹಳ್ಳಿಯ ಕಡೆ ಬಾವಿಯ ಪಂಪು ನಿಂತು ನೀರು ಹೋಗುತ್ತದೆ. ಆಮೇಲೆ ಮೊಬೈಲ್ ಸಿಗ್ನಲ್ಲೂ ಹೋಗುತ್ತದೆ. ಹಿಂದಿನ ರಾತ್ರಿಯೇ ಫ್ಲಾಸ್ಕಿಗೆ ಬಿಸಿನೀರು, ಪವರ್ ಬ್ಯಾಂಕ್, ಬ್ಯಾಟರಿ ರೇಡಿಯೊ, ಮಗುವಿನ ಹಾಲಿನ ಪುಡಿ, ಔಷಧಿ ಎಲ್ಲ ಸಿದ್ಧವಿರಲಿ. ಕರೆಂಟ್ ತಂತಿ ನೋಡಿಕೊಳ್ಳುವ ಇಎಸ್‌ಬಿ ನೆಟ್‌ವರ್ಕ್ಸ್ ನಂಬರು 1800 372 999 ಕಾಗದದ ಮೇಲೆ ಬರೆದಿಡಿ, ನಿಮ್ಮ ಮನೆಯ ಪಿನ್‌ಕೋಡಿನಂಥ ಏರ್‌ಕೋಡ್ ಕೂಡ. ತುಂಡಾದ ತಂತಿಯ ಹತ್ತಿರ ಹೋಗಬೇಡಿ. ಚಳಿ ಎಂದು ಕ್ಯಾಂಪಿಂಗ್ ಸ್ಟವ್ ಆಗಲಿ ಬಾರ್ಬೆಕ್ಯೂ ಇದ್ದಿಲಾಗಲಿ ಮನೆಯೊಳಗೆ ಹಚ್ಚಲೇಬೇಡಿ. ನಮ್ಮ ಹೆಂಚಿನ ಮನೆಗಳಲ್ಲಿ ಹೊಗೆ ಹೋಗಲು ಸಂದುಗಳಿದ್ದವು, ಇಲ್ಲಿಯ ಮನೆ ಗಾಳಿಯಾಡದಂತೆ ಮುಚ್ಚಿರುತ್ತದೆ. ವಿಷಾನಿಲಕ್ಕೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದ ಮನೆಯಲ್ಲಿ ಒಂದು ದಿನವೂ ಇರಬೇಡಿ. ಅಂಗಳದ ಕಸದ ಡಬ್ಬಿ, ಕುರ್ಚಿ, ಮಕ್ಕಳ ಟ್ರಾಂಪೊಲಿನ್ ಕಟ್ಟಿಹಾಕಿ ಅಥವಾ ಒಳಗೆ ತನ್ನಿ, ಅವು ಹಾರಿ ಇನ್ನೊಬ್ಬರ ಕಿಟಕಿಗೆ ಬೀಳುತ್ತವೆ.

ಅಲೆ ನೋಡಲು ಪ್ರಾಮ್‌ಗೆ, ಅಂದರೆ ಸಾಲ್ಟ್‌ಹಿಲ್‌ನ ಕಡಲದಂಡೆಯ ಕಾಲುದಾರಿಗೆ, ಹೋಗುವವರಿಗೆ ಕೈ ಮುಗಿದು ಹೇಳುತ್ತೇನೆ. ಮಳೆಗಾಲದಲ್ಲಿ ಜೋಗ ನೋಡಲು ಹೋಗುವ ಆಸೆ ನಮ್ಮ ರಕ್ತದಲ್ಲೇ ಇದೆ, ನನಗೂ ಇದೆ. ಆದರೆ ಜೋಗ ಇದ್ದಲ್ಲೇ ಬೀಳುತ್ತದೆ, ಈ ಕಡಲು ನಾವು ನಿಂತಲ್ಲಿಗೆ ಬರುತ್ತದೆ. ಮರುದಿನ ಬೆಳಿಗ್ಗೆ ಆ ಕಾಲುದಾರಿಯ ಮೇಲೆ ತೆಂಗಿನಕಾಯಿ ಗಾತ್ರದ ಕಲ್ಲುಗಳು ಬಿದ್ದಿರುತ್ತವೆ. ಹಿಂದಿನ ಸಂಜೆ ಅಲ್ಲಿ ಯಾರೋ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ವಿಡಿಯೊ ತೆಗೆದಿರುತ್ತಾರೆ. ನೀರಿನಲ್ಲಿ ಯಾರಾದರೂ ಸಿಕ್ಕಿಕೊಂಡದ್ದು ಕಂಡರೆ ಇಳಿಯಬೇಡಿ, 112ಕ್ಕೆ ಫೋನ್ ಮಾಡಿ ಕೋಸ್ಟ್ ಗಾರ್ಡ್ ಎಂದು ಹೇಳಿ.

ಇಲ್ಲಿನವರು ಹವಾಮಾನದ ಮಾತು ಬಿಟ್ಟರೆ ಬೇರೆ ಆಡುವುದಿಲ್ಲ ಎಂದು ಮೊದಲ ವರ್ಷ ನನಗೆ ಬೇಸರವಿತ್ತು. ಬಿರುಗಾಳಿಯ ಹಿಂದಿನ ದಿನ ಅಂಗಡಿಯ ಸಾಲಿನಲ್ಲಿ ನಿಂತು ಸುಮ್ಮನೆ ಕೇಳಿ ನೋಡಿ. ಹಳೆಯ ಯಾವ ವರ್ಷ ನೀರು ಯಾರ ಬಾಗಿಲಿನ ಯಾವ ಮೆಟ್ಟಿಲಿಗೆ ಬಂದಿತ್ತು, ಈಗ ಗಾಳಿ ಎಷ್ಟು ತಿರುಗಿದೆ, ಪಾಚಿ ಎಲ್ಲಿಯವರೆಗೆ ಬಿದ್ದಿದೆ, ಯಾರ ಮನೆಯಲ್ಲಿ ಒಂಟಿ ಮುದುಕರಿದ್ದಾರೆ, ಎಲ್ಲ ಅಲ್ಲೇ ತೀರ್ಮಾನವಾಗುತ್ತದೆ. ಆ ಮಾತಿನಲ್ಲಿ ನಮಗೂ ಜಾಗವಿದೆ. ಆದರೆ ನಾವು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರೋ ಕಳಿಸಿದ ಹಳೆಯ ವಿಡಿಯೊ ನೋಡಿ ಹೆದರುತ್ತೇವೆ, ಪಕ್ಕದ ಬಾಗಿಲು ಬಡಿಯುವುದಿಲ್ಲ. ಎಯೊವಿನ್ ಮುಗಿದ ಸಂಜೆ ನಾವೇ ಅಜ್ಜಿಯ ಬಾಗಿಲು ಬಡಿದೆವು, ಸ್ಟೀಲಿನ ಡಬ್ಬಿಯಲ್ಲಿ ಅನ್ನ, ಫ್ಲಾಸ್ಕಿನಲ್ಲಿ ಸಾರು. ಅವರ ಮನೆಯಲ್ಲಿ ಹಳೆಯ ಕಬ್ಬಿಣದ ಒಲೆ ಉರಿಯುತ್ತಿತ್ತು. ಅದರ ಮುಂದೆ ನಾಲ್ವರೂ ಕೂತೆವು. ಸಾರಿನ ಖಾರಕ್ಕೆ ಅವರ ಕಣ್ಣಲ್ಲಿ ನೀರು ಬಂತು, ಇನ್ನೊಂದು ಲೋಟ ಹಾಕಿಸಿಕೊಂಡರು. ಇಲ್ಲಿಗೆ ಬಂದು ಏಳು ವರ್ಷವಾದ ಮೇಲೆ ಮೊದಲ ಸಲ ಯಾರದೋ ಮನೆಯಲ್ಲಿ ಹೊತ್ತು ನೋಡದೆ ಕೂತಿದ್ದೆ.

ಮಗಳಿಗೆ ಈಗ ಎಂಟು ದಾಟಿದೆ. ಉಬ್ಬರ ಎಂದರೆ ಅವಳಿಗೆ ಗೊತ್ತಿಲ್ಲ, ನಮ್ಮ ಕಡೆ ಹೇಳುವ ಭರತ ಎಂಬ ಮಾತೂ ಗೊತ್ತಿಲ್ಲ. ತಪ್ಪು ಅವಳದಲ್ಲ, ನಾನೇ ಆ ಮಾತುಗಳನ್ನು ಅವಳ ಮುಂದೆ ಆಡಿಲ್ಲ. ಊರಿನಿಂದ ಬರುವ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಈಗ ನಮ್ಮ ಅಡುಗೆಮನೆಯ ಗೋಡೆಯಲ್ಲಿದೆ. ಅಕ್ಟೋಬರ್ ಬಂದ ಕೂಡಲೇ ಹುಣ್ಣಿಮೆ, ಅಮಾವಾಸ್ಯೆಯ ಚೌಕದಲ್ಲಿ ಇಲ್ಲಿನ ಉಬ್ಬರದ ವೇಳೆಯನ್ನು ಪೆನ್ಸಿಲಿನಲ್ಲಿ ಬರೆಯುತ್ತೇವೆ. ಕಳೆದ ಸಲ ಬರೆಯುವಾಗ ಅವಳು ಕೇಳಿದಳು, "ಅಪ್ಪಾ, ಇದು ರೌರ್ತಾ ಅಲ್ವಾ?" ಶಾಲೆಯ ಐರಿಷ್ ಪಾಠದಲ್ಲಿ ಬಂದ ಪದವಂತೆ, ಹುಣ್ಣಿಮೆಯ ದೊಡ್ಡ ಉಬ್ಬರಕ್ಕೆ. ನೋಟ್‌ಬುಕ್ ತಂದು ತೋರಿಸಿದಳು. ಬರೆದದ್ದು rabharta ಎಂದು. ಉಚ್ಚಾರ ರೌರ್ತಾ ಆದರೂ ಅಕ್ಷರ ಅಕ್ಷರವಾಗಿ ಓದಿದರೆ ರ, ಆಮೇಲೆ ಭರ್ತಾ. ನಾನು ಆ ಪದದ ಮೊದಲೆರಡು ಅಕ್ಷರಗಳನ್ನು ಹೆಬ್ಬೆರಳಿನಿಂದ ಮುಚ್ಚಿ, ಉಳಿದದ್ದನ್ನು ಓದು ಎಂದೆ.