ಮುಂಬಯಿಯ ತೇವದಲ್ಲಿ ಬೇರು, ಬಳ್ಳಿ, ಎಲೆ

ಮುಂಬಯಿಯಲ್ಲಿ ಮೂಲಿಕೆ ಇಟ್ಟುಕೊಳ್ಳುವವರಿಗೆ ಮೊದಲ ಶತ್ರು ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡಬ್ಬಿಯೊಳಗಿನ ಉಪ್ಪೇ ನೀರೊಡೆಯುವ ಊರಿದು. ಇಲ್ಲಿ ಅರ್ಧ ಕಿಲೋ ಅಶ್ವಗಂಧದ ಪುಡಿ ತಂದಿಟ್ಟರೆ ಅದು ಗಂಟುಕಟ್ಟಿ ಬೂಷ್ಟು ಹಿಡಿಯದೆ ಇರುವುದಿಲ್ಲ. ಚೂರ್ಣದ ಸತ್ವ ಎರಡೇ ತಿಂಗಳು ಎಂದು ಆಯುರ್ವೇದದ ಹಳೆಯ ಗ್ರಂಥಗಳೂ ಹೇಳುತ್ತವೆ. ಹಾಗಾಗಿ ನಾನು ಪುಡಿ ಕೊಳ್ಳುವುದಿಲ್ಲ, ಬೇರು ಕೊಳ್ಳುತ್ತೇನೆ, ಅದೂ ಒಮ್ಮೆಗೆ 100 ಗ್ರಾಂ ಮಾತ್ರ. ಪುಡಿಯಲ್ಲಿ ಎಲೆ, ಕಾಂಡ ಏನು ಬೆರೆತಿದೆಯೆಂದು ಕಣ್ಣಿಗೆ ತಿಳಿಯುವುದಿಲ್ಲ. ಬೇರು ಸುಳ್ಳು ಹೇಳುವುದು ಕಡಿಮೆ.

ಒಣ ಬೇರು, ತೊಗಟೆ ಮಾರುವ ಇಲ್ಲಿನ ಕಾಷ್ಠೌಷಧಿ ಅಂಗಡಿಗಳಲ್ಲಿ ‘ಆಸ್ಕಂದ’ ಎಂದು ಕೇಳಿ, ಅಶ್ವಗಂಧಕ್ಕೆ ಮರಾಠಿಯ ಹೆಸರು ಅದು. ಪೆನ್ಸಿಲ್ ದಪ್ಪದ ಬೇರು ಆರಿಸಿ ಮುರಿದು ನೋಡಿ. ಟಕ್ಕೆಂದು ಮುರಿದು ಒಳಗೆ ಬಿಳಿ ಹಿಟ್ಟಿನಂತೆ ಕಂಡರೆ ಸರಿ. ಬಾಗಿದರೆ ತೇವ ಕುಡಿದಿದೆ. ಸೂಜಿಮೊನೆಯಷ್ಟು ತೂತುಗಳಿದ್ದರೆ ಹುಳ ಹೊಕ್ಕಿದೆ, ಬಿಟ್ಟುಬಿಡಿ.

ಬಿಸಿ ಹಾಲಿಗೆ ಪುಡಿ ಕದಡಿ ಕುಡಿಯುವುದಕ್ಕಿಂತ ಕ್ಷೀರಪಾಕ, ಅಂದರೆ ಹಾಲು ನೀರಿನಲ್ಲಿ ಬೇರು ಹಾಕಿ ನೀರಿಂಗುವವರೆಗೆ ಕುದಿಸಿದ್ದು, ಹೊಟ್ಟೆಗೆ ಹಗುರ. ಅಳತೆ ಹಳೆಯದೇ: ಬೇರು ಒಂದು ಪಾಲು, ಹಾಲು ಎಂಟು ಪಾಲು, ಹಾಲಿನ ನಾಲ್ಕರಷ್ಟು ನೀರು. ಇಬ್ಬರಿಗೆ 10 ಗ್ರಾಂ ಬೇರು, 80 ಮಿ.ಲೀ. ಹಾಲು, 320 ಮಿ.ಲೀ. ನೀರು. ಬೇರನ್ನು ಜಜ್ಜಿದರೆ ಸಾಕು. ನುಣ್ಣಗಾದರೆ ತಳ ಹಿಡಿಯುತ್ತದೆ. ಮೊದಲು ಹಾಲನ್ನಷ್ಟೇ ಸಣ್ಣ ಪಾತ್ರೆಗೆ ಸುರಿದು ಮರದ ಚಮಚದ ಹಿಡಿಯನ್ನು ನೆಟ್ಟಗೆ ಅದ್ದಿ, ನೆನೆದ ಜಾಗಕ್ಕೆ ದಾರ ಕಟ್ಟಿ. ಆಮೇಲೆ ನೀರು, ಬೇರು ಸೇರಿಸಿ ಸಣ್ಣ ಉರಿಯಲ್ಲಿ ಕುದಿಸುತ್ತಾ ಹೋಗಿ. ಮಟ್ಟ ದಾರಕ್ಕೆ ಇಳಿದಾಗ ಉರಿ ಆರಿಸಿ ಸೋಸಿ. ಬೆಲ್ಲ ಬೇಕಿದ್ದರೆ ಉಗುರುಬೆಚ್ಚಗಾದ ಮೇಲೆ. ಕುದಿಯುವಾಗ ಹಾಕಿದರೆ ಹಾಲು ಒಡೆಯುತ್ತದೆ. ರಾತ್ರಿ ಊಟದ ನಂತರ ಕುಡಿಯಿರಿ. ಹೊಟ್ಟೆ ಸಡಿಲವಾದರೆ ಬೇರನ್ನು ಅರ್ಧಕ್ಕಿಳಿಸಿ. ಥೈರಾಯ್ಡ್ ಮಾತ್ರೆ, ನಿದ್ರೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಬಸುರಿಯರಿಗಂತೂ ಬೇಡವೇ ಬೇಡ. ಉಷ್ಣ ವಸ್ತು, ಆದ್ದರಿಂದ ನನ್ನ ಅಡುಗೆಮನೆಯಲ್ಲಿ ಇದು ಚಳಿಗಾಲಕ್ಕೆ ಮಾತ್ರ.

ಅಮೃತಬಳ್ಳಿಯ ವಿಷಯದಲ್ಲಿ ನಾನು ಕಟ್ಟುನಿಟ್ಟು. 2020ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಇದೇ ಮುಂಬಯಿಯಲ್ಲಿ ಗುಳವೇಲ್ (ಅಮೃತಬಳ್ಳಿಯ ಮರಾಠಿ ಹೆಸರು) ಸೇವಿಸಿದ್ದ ಆರು ಮಂದಿಗೆ ಯಕೃತ್ತು ಕೆಟ್ಟದ್ದನ್ನು ವೈದ್ಯರು ದಾಖಲಿಸಿದರು. ಬಳ್ಳಿಯನ್ನೇ ಸರಿಯಾಗಿ ಗುರುತಿಸಿಲ್ಲ ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ವಾದ ಏನೇ ಇರಲಿ, ಕೊರೋನಾ ಕಾಲದಂತೆ ತಿಂಗಳುಗಟ್ಟಲೆ ದಿನಾ ಕುಡಿಯುವ ವಸ್ತು ಇದಲ್ಲ. ಹತ್ತು ದಿನ ಕುಡಿದು ನಿಲ್ಲಿಸಿ. ಕಣ್ಣು ಹಳದಿಯಾದರೆ, ಮೂತ್ರ ಕಂದಾದರೆ ಅಂದೇ ನಿಲ್ಲಿಸಿ ಡಾಕ್ಟರ ಬಳಿ ಹೋಗಿ. ಯಕೃತ್ತಿನ ತೊಂದರೆ ಇರುವವರು, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ತಾವೇ ಪ್ರಯೋಗಕ್ಕಿಳಿಯಬೇಡಿ.

ಗುರುತು ಹೀಗೆ: ಎಲೆ ಹೃದಯಾಕಾರ, ಬಳ್ಳಿಯಿಂದ ದಾರದಂಥ ಬೇರುಗಳು ಜೋತುಬಿದ್ದಿರುತ್ತವೆ, ತೆಳು ಸಿಪ್ಪೆ ಕಾಗದದಂತೆ ಏಳುತ್ತದೆ. ಅಡ್ಡ ಕೊಯ್ದರೆ ಚಕ್ಕಡಿ ಗಾಲಿಯ ಕಡ್ಡಿಗಳ ಹಾಗೆ ಗೆರೆಗಳು. ಕಾಂಡದ ತುಂಬ ದಟ್ಟ ಗುಳ್ಳೆಗಳೆದ್ದು, ಕೊಯ್ದಲ್ಲಿ ಹಾಲು ಒಸರಿದರೆ ಅದು ಅದರ ದಾಯಾದಿ ಬಳ್ಳಿ, ಬೇಡ. ಆಟಿ ಅಮಾವಾಸ್ಯೆಯಂದು ಕೆತ್ತೆಯ (ತೊಗಟೆಯ) ಕಷಾಯ ಕುಡಿಯಲು ಇಲ್ಲೂ ಪಾಲೆ ಮರ ಹುಡುಕುವ ನಮ್ಮ ಕರಾವಳಿಯವರಿಗೆ ಈ ಎಚ್ಚರ ಹೊಸದಲ್ಲ. ಪಾಲೆಯ ಬದಲು ವಿಷದ ಮರವಾದ ಕಾಸರಕದ ಕೆತ್ತೆ ಬಂದರೆ ಜೀವಕ್ಕೇ ಸಂಚಕಾರ. ಬೆರಳು ದಪ್ಪದ ಗೇಣುದ್ದದ ಹಸಿ ತುಂಡು, ಅಂದರೆ ಸುಮಾರು 20 ಗ್ರಾಂ, ಸಿಪ್ಪೆ ಹೆರೆದು ಜಜ್ಜಿ 320 ಮಿ.ಲೀ. ನೀರಲ್ಲಿ ಮುಚ್ಚಳ ತೆರೆದಿಟ್ಟು 80ಕ್ಕೆ ಇಳಿಸಬೇಕು. ಇಬ್ಬರಿಗೆ ಸಾಕು. ಈ ಊರ ಸೆಕೆಗೆ ನಿನ್ನೆಯ ಕಷಾಯ ಇಂದು ಹುಳಿಯಾಗಿರುತ್ತದೆ, ಚೆಲ್ಲಿ.

ದಿನನಿತ್ಯಕ್ಕೆ ಏನು ಎಂದು ಕೇಳಿದರೆ ನನ್ನ ಉತ್ತರ ಒಂದೆಲಗ, ತುಳುವಿನಲ್ಲಿ ನಮ್ಮ ತಿಮರೆ. ಕಷಾಯಕ್ಕಿಂತ ಊಟದ ರೂಪದಲ್ಲಿ ಹೊಟ್ಟೆಗೆ ಹೋಗುವುದೇ ಮೇಲು. ಮಾಟುಂಗಾ, ದಾದರ್ ಮಾರ್ಕೆಟ್ಟಿನಲ್ಲಿ ಬ್ರಾಹ್ಮಿ ಎಂದು ಕೇಳಿದರೆ ಕೈಗೆ ಬರುವುದು ಸಾಮಾನ್ಯವಾಗಿ ಇದೇ. ಆದರೆ ಇದು ಚರಂಡಿ ಬದಿಯಲ್ಲೂ ಹುಲುಸಾಗಿ ಹಬ್ಬುವ ಗಿಡ, ಕಟ್ಟು ಎಲ್ಲಿಂದ ಬಂತೋ ಬಲ್ಲವರಾರು. ಅದಕ್ಕೆ ಬೇರಿರುವ ಗಂಟುಗಳನ್ನು ಆರಿಸಿ ಕಿಟಕಿಯ ಗ್ರಿಲ್‌ನಲ್ಲಿ ಆರಿಂಚು ಆಳದ ಅಗಲ ಟ್ರೇಯಲ್ಲಿ ನೆಟ್ಟುಬಿಡಿ. ಮಣ್ಣು ಸದಾ ಒದ್ದೆ, ಬಿಸಿಲು ಬೆಳಗಿನದು ಮಾತ್ರ. ಮಧ್ಯಾಹ್ನದ ಬಿಸಿಲಿಗೆ ಎಲೆ ಸಣ್ಣದಾಗಿ ಕಹಿ ಏರುತ್ತದೆ. ಹಳೆ ಎಲೆ ಹಾಗೂ ಪೇಟೆಯ ಕಟ್ಟನ್ನು ಬಿಸಾಡಿ, ಹೊಸದಾಗಿ ಚಿಗುರಿದ್ದನ್ನು ಬಳಸಿ.

ತಂಬುಳಿಗೆ ಒಂದು ಹಿಡಿ ಎಲೆ ದಂಟುಸಮೇತ. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ಆರು ಕಾಳುಮೆಣಸು ಹುರಿದು, ಎಲೆ ಹಾಕಿ ಬಾಡಿದ ಕೂಡಲೇ ಇಳಿಸಿ. ಬಣ್ಣ ಕಪ್ಪಾಗುವವರೆಗೆ ಹುರಿದರೆ ಪರಿಮಳ ಹೋಯಿತು. ತಣಿದ ಮೇಲೆ ಕಾಲು ಬಟ್ಟಲು ತೆಂಗಿನತುರಿಯೊಂದಿಗೆ ನುಣ್ಣಗೆ ರುಬ್ಬಿ ಒಂದೂವರೆ ಲೋಟ ಹುಳಿಯಿಲ್ಲದ ಮಜ್ಜಿಗೆ, ಉಪ್ಪು ಬೆರೆಸಿ. ಬಿಸಿ ಇದ್ದಾಗಲೇ ಮಜ್ಜಿಗೆ ಸುರಿದರೆ ಒಡೆಯುತ್ತದೆ, ಮತ್ತೆ ಕುದಿಸಿದರೂ ಅಷ್ಟೇ. ಮಧ್ಯಾಹ್ನದ ಅನ್ನಕ್ಕೆ ಮಾಡಿದ್ದನ್ನು ಮಧ್ಯಾಹ್ನವೇ ಮುಗಿಸಿ. ಸಂಜೆಯ ಹೊತ್ತಿಗೆ ಮಜ್ಜಿಗೆ ಹುಳಿಯೇರಿ ಎಲೆಯ ಒಗರು ಮುಂದಾಗುತ್ತದೆ.