‘ಜರ್ಮನರು’ ಎಂಬ ಕರ್ತೃಪದಕ್ಕೆ ಮೂರು ವಾರ ನಿಷೇಧ

ಜರ್ಮನ್ ಕಲಿಸತೊಡಗಿದ ಮೊದಲ ವರ್ಷಗಳಲ್ಲಿ ‘ಸಂಸ್ಕೃತಿ’ ಎಂದರೆ ನನಗೆ ವರ್ಷಕ್ಕೊಮ್ಮೆ ಬರುವ ಪೋಸ್ಟರ್ ಪ್ರದರ್ಶನ. ಬಾವುಟ, ಕೋಟೆ, ರೈಲಿನ ಚಿತ್ರ. ಕೆಳಗೆ ‘ಜರ್ಮನರು ಸಮಯಪಾಲಕರು’ ಎಂಬ ವಾಕ್ಯ. ವ್ಯಾಕರಣದಲ್ಲಿ ತಪ್ಪಿರುತ್ತಿರಲಿಲ್ಲ, ಹಾಗಾಗಿ ಪೂರ್ತಿ ಅಂಕ ಕೊಡುತ್ತಿದ್ದೆ. ಬರೆದ ಮಕ್ಕಳಲ್ಲಿ ಒಬ್ಬರೂ ಒಬ್ಬನೇ ಒಬ್ಬ ಜರ್ಮನ್ ಪ್ರಜೆಯೊಡನೆ ಮಾತನಾಡಿದವರಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಭಾಷಾಶಿಕ್ಷಣ ತಜ್ಞ ಮೈಕೆಲ್ ಬೈರಮ್ 1997ರಲ್ಲಿ ಮುಂದಿಟ್ಟ, ಬೇರೆ ಸಂಸ್ಕೃತಿಯವರೊಡನೆ ಸಂವಹಿಸುವ ಸಾಮರ್ಥ್ಯದ ಮಾದರಿಯನ್ನು ಆ ಹೊತ್ತಿಗೆ ಓದಿದ್ದೆ. ಅದರಲ್ಲಿ ಐದು ‘ಸವ್ವಾರ್’ಗಳಿವೆ (ಫ್ರೆಂಚ್‌ನಲ್ಲಿ ‘ತಿಳಿವು’ ಎಂದರ್ಥ): ಮನೋಭಾವ, ತಿಳಿವಳಿಕೆ, ಅರ್ಥೈಸುವ ಕೌಶಲ, ಕೇಳಿ ಕಂಡುಕೊಳ್ಳುವ ಕೌಶಲ, ಕೊನೆಗೆ ತನ್ನ ಮತ್ತು ಇತರರ ರೂಢಿಗಳನ್ನು ಸ್ಪಷ್ಟ ಮಾನದಂಡವಿಟ್ಟುಕೊಂಡು ವಿಮರ್ಶಿಸುವ ಅರಿವು. ಮುಂದೆ ಅವರು ‘ಅಂತರ್‌ಸಾಂಸ್ಕೃತಿಕ ಪೌರತ್ವ’ ಎಂದು ಕರೆದದ್ದು ಇದರ ಮೇಲೆ ಕಟ್ಟಿದ ವಿಚಾರ. ಬೇರೆ ದೇಶದವರ ಜೊತೆ ಸೇರಿ ಯೋಚಿಸಬೇಕು, ಆಮೇಲೆ ತಾನಿರುವಲ್ಲಿ ಏನಾದರೂ ಮಾಡಬೇಕು. ಕೇಳಲು ಚೆನ್ನಾಗಿದೆ. ‘ನನ್ನ ಹೆಸರು, ನನ್ನ ವಯಸ್ಸು’ ಹಂತವನ್ನು ಈಗಷ್ಟೇ ದಾಟಿದ ಹದಿನೈದರ ಮಕ್ಕಳಿಗೆ ಇದನ್ನು ಹೇಗೆ ಮಾಡಿಸುವುದು?

ದಾರಿ ಸಿಕ್ಕಿದ್ದು ಒಂದು ಖಾಲಿ ಬಾಟಲಿಯಿಂದ. ಖರೀದಿಯ ಪಾಠದಲ್ಲಿ ‘ಫಾಂಡ್’ ಎಂಬ ಪದ ಬರುತ್ತದೆ. ಜರ್ಮನಿಯಲ್ಲಿ ಪಾನೀಯದ ಬಾಟಲಿ, ಡಬ್ಬಿಗಳಿಗೆ ಕಟ್ಟುವ ಠೇವಣಿ ಅದು. ಒಮ್ಮೆ ಬಳಸಿ ಎಸೆಯುವಂಥವಕ್ಕೆ 2003ರಿಂದ 25 ಸೆಂಟ್. ಮರುಬಳಕೆಯ ಬಿಯರ್ ಬಾಟಲಿಗೆ ಸಾಮಾನ್ಯವಾಗಿ 8 ಸೆಂಟ್. ಖಾಲಿ ಬಾಟಲಿ ಹಿಂದಿರುಗಿಸಿದರೆ ಹಣ ವಾಪಸು. ಪಠ್ಯಪುಸ್ತಕಕ್ಕೆ ಅಲ್ಲಿಗೆ ಪಾಠ ಮುಗಿಯಿತು. ನಾನು ಒಂದು ಛಾಯಾಚಿತ್ರ ಸೇರಿಸಿದೆ: ಕಸದ ತೊಟ್ಟಿಗೆ ಕೈ ಹಾಕಿ ಬಾಟಲಿ ಆಯುತ್ತಿರುವ ವೃದ್ಧರೊಬ್ಬರು. ತರಗತಿ ಸುಮ್ಮನಾಯಿತು. ‘ಇದು ಜರ್ಮನಿ ಅಲ್ಲ’ ಎಂದ ಒಬ್ಬ ಹುಡುಗ.

ಅಂದೇ ನಿಯಮ ತಂದೆ. ಮೂರು ವಾರ ಯಾರೂ ‘ಡೀ ಡಾಯ್ಚೆನ್’, ಅಂದರೆ ‘ಜರ್ಮನರು’, ಎಂದು ವಾಕ್ಯ ಆರಂಭಿಸುವಂತಿಲ್ಲ. ‘ಈ ಚಿತ್ರದಲ್ಲಿರುವವರು’, ‘ನಾನು ಓದಿದ ಈ ಬರಹದ ಮಹಿಳೆ’, ‘ಕೆಲವರು’ ಎನ್ನಬೇಕು. ಮಕ್ಕಳು ಜಾಣರು, ‘ಮಾನ್’ ಎಂಬ ಸರ್ವನಾಮದ ಹಿಂದೆ ಅಡಗಿಕೊಂಡರು; ಯಾರೆಂದು ಹೇಳದೆ ಎಲ್ಲರನ್ನೂ ಒಳಗೊಳ್ಳುವ ಪದ ಅದು. ಎರಡನೇ ವಾರ ಅದನ್ನೂ ನಿಷೇಧಿಸಿದೆ. ಬರವಣಿಗೆ ಕುಂಟಿತು, ‘ಯಾರು ಹೀಗೆ ಮಾಡುತ್ತಾರೋ ಅವರು’ ಎಂಬಂಥ ಸಂಬಂಧವಾಚಕ ಉಪವಾಕ್ಯಗಳು ಬೇಕಾದವು. ವ್ಯಾಕರಣವಾಗಿ ನಾನು ತಿಂಗಳುಗಟ್ಟಲೆ ತಿಕ್ಕಿದರೂ ಹತ್ತದ ಆ ಉಪವಾಕ್ಯಗಳನ್ನು, ಹೇಳಬೇಕಾದ ಮಾತು ಇದ್ದುದರಿಂದ, ಅವರೇ ಕೇಳಿ ಕಲಿತರು.

ಜರ್ಮನಿಯ ಒಂದು ಶಾಲೆಯ ಶಿಕ್ಷಕಿಯ ಪರಿಚಯವಿತ್ತು. ಎರಡೂ ತರಗತಿಗಳನ್ನು ಜೋಡಿಸಿದೆವು. ಮೊದಲ ವೀಡಿಯೊ ಭೇಟಿ ನೀರಸವಾಗಿತ್ತು: ಆರು ಮಂದಿ ಮಾತಾಡಿದರು, ಉಳಿದವರು ಪರದೆ ನೋಡಿದರು. ಆಮೇಲೆ ನಾಲ್ಕು ನಾಲ್ಕು ಮಂದಿಯ ಗುಂಪು ಮಾಡಿ ಪತ್ರ ಬರೆಸಿದೆವು. ಪದಕೋಶ ನೋಡಲು ಪುರುಸೊತ್ತಿದ್ದರೆ ನಾಚಿಕೆಯ ಮಕ್ಕಳೂ ಪ್ರಶ್ನೆ ಕೇಳುತ್ತಾರೆ.

ನಮ್ಮವರು ಕೇಳಿದ್ದು ನೇರವಾಗಿತ್ತು: ಶ್ರೀಮಂತ ದೇಶದಲ್ಲಿ ವೃದ್ಧರು ಬಾಟಲಿ ಏಕೆ ಆಯುತ್ತಾರೆ? ಅಲ್ಲಿಯ ಒಬ್ಬ ಹುಡುಗ ಸಿಡುಕಿ ಉತ್ತರಿಸಿದ, ಸರ್ಕಾರದ ನೆರವಿದೆ, ಯಾರೂ ಆಯಬೇಕಾಗಿಲ್ಲ ಎಂದು. ಅದೇ ಗುಂಪಿನ ಹುಡುಗಿ ಬರೆದಳು: ಪಿಂಚಣಿ ಸಾಲದವರಿದ್ದಾರೆ, ಅದಕ್ಕೇ ತಾನು ಬಾಟಲಿಯನ್ನು ತೊಟ್ಟಿಯೊಳಗೆ ಹಾಕದೆ ಪಕ್ಕದಲ್ಲಿ ಇಡುತ್ತೇನೆ. ಅವರಿಬ್ಬರೂ ಪತ್ರದಲ್ಲೇ ಜಗಳವಾಡಿದರು. ‘ಜರ್ಮನರು’ ಎಂಬ ಪದ ನಮ್ಮ ಕಣ್ಣೆದುರೇ ಎರಡು ಹೋಳಾಯಿತು. ಮುಂದಿನ ಪತ್ರದಲ್ಲಿ ಆ ಹುಡುಗಿ ತಿರುಗಿ ಕೇಳಿದಳು: ನಿಮ್ಮ ಶಾಲೆಯ ಕಸ ಯಾರು ತೆಗೆಯುತ್ತಾರೆ, ಅವರ ಹೆಸರು ನಿಮಗೆ ಗೊತ್ತೇ? ಗೊತ್ತಿರಲಿಲ್ಲ. ನನಗೂ.

ಮಕ್ಕಳು ಆ ಕೆಲಸಗಾರರನ್ನು ತಮ್ಮದೇ ಭಾಷೆಯಲ್ಲಿ ಮಾತಾಡಿಸಿದರು, ಒಪ್ಪಿಗೆ ಪಡೆದು, ಅವರ ಮಾತನ್ನು ಜರ್ಮನ್‌ನಲ್ಲಿ ಗೆಳೆಯರಿಗೆ ತಲುಪಿಸಿದರು. ಯುರೋಪ್ ಮಂಡಳಿಯ ಭಾಷಾ ಮಾನದಂಡಕ್ಕೆ 2020ರಲ್ಲಿ ಬಂದ ಪೂರಕ ಸಂಪುಟದಲ್ಲಿ ‘ಮಧ್ಯಸ್ಥಿಕೆ’ ಎಂದು ವಿವರಿಸಿರುವ ಕೆಲಸ ಇದೇ ಜಾತಿಯದು. ತರಗತಿಯಲ್ಲಿ ಮಾತೃಭಾಷೆಯ ಸದ್ದೇ ಬರಬಾರದೆನ್ನುವ ಸಹೋದ್ಯೋಗಿಗಳೊಡನೆ ನನ್ನ ಜಗಳ ಇಲ್ಲಿಂದಲೇ. ಹದಿನೈದು ವರ್ಷದ ತಲೆಯನ್ನು ಮೂರು ಪದದ ವಾಕ್ಯದೊಳಗೆ ತುರುಕಿ, ಆಮೇಲೆ ಅದು ಆಳವಾಗಿ ಯೋಚಿಸುತ್ತಿಲ್ಲವೆಂದರೆ ಹೇಗೆ?

ಬಾಟಲಿಗಳಿಗೆ ಪ್ರತ್ಯೇಕ ಡಬ್ಬ ಬೇಕು, ಕೆಲಸಗಾರರಿಗೆ ಕೈಗವಸು ಬೇಕು ಎಂದು ಮಕ್ಕಳು ಆಡಳಿತಕ್ಕೆ ಬರೆದರು. ಡಬ್ಬ ಬೇಗ ಬಂತು. ಕೈಗವಸಿಗೆ ಎರಡನೇ ಪತ್ರ ಬೇಕಾಯಿತು. ಇಬ್ಬರು ಆ ಪತ್ರಕ್ಕೆ ಸಹಿ ಹಾಕಲಿಲ್ಲ. ಹಾಕೆಂದು ನಾನು ಹೇಳಲೂ ಇಲ್ಲ. ಜರ್ಮನಿಯ ರಾಜಕೀಯ ಶಿಕ್ಷಣದಲ್ಲಿ 1976ರ ಬಾಯ್ಟೆಲ್ಸ್‌ಬಾಖ್ ಒಮ್ಮತ ಎಂಬುದಿದೆ. ಶಿಕ್ಷಕರು ತಮ್ಮ ಅಭಿಪ್ರಾಯವನ್ನು ವಿದ್ಯಾರ್ಥಿಯ ಮೇಲೆ ಹೇರಬಾರದು, ಸಮಾಜದಲ್ಲಿ ವಿವಾದವಿರುವುದನ್ನು ತರಗತಿಯಲ್ಲೂ ವಿವಾದವಾಗಿಯೇ ಇಡಬೇಕು, ವಿದ್ಯಾರ್ಥಿ ತನ್ನ ಸ್ಥಿತಿ, ತನ್ನ ಹಿತವನ್ನು ತಾನೇ ತೂಗಿ ನೋಡುವಂತಾಗಬೇಕು. ನಾನು ಎರವಲು ತಂದ ಜರ್ಮನ್ ಸರಕಿನಲ್ಲಿ ಇದರಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಎಡವಿದ್ದು ಅಂಕ ಕೊಡುವಲ್ಲಿ. ಮೊದಲ ವರ್ಷ ‘ಮುಕ್ತ ಮನಸ್ಸು’ ಎಂದು ಹತ್ತು ಅಂಕ ಇಟ್ಟೆ. ಎಲ್ಲರೂ ನನಗೆ ಇಷ್ಟವಾಗುವಂತೆ ಬರೆದರು. ‘ನಾನು ಬದಲಾದೆ’ ಎಂಬ ವಾಕ್ಯ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಪುಟಪುಟದಲ್ಲೂ ಇತ್ತು. ಪತ್ರಕ್ಕೆ ಸಹಿ ಹಾಕದ ಇಬ್ಬರಲ್ಲಿ ಒಬ್ಬ ಹುಡುಗ ಮಾತ್ರ, ತನಗೇನೂ ಬದಲಾವಣೆ ಆಗಲಿಲ್ಲ ಎಂದು ಕಾರಣ ಸಮೇತ ಬರೆದ. ಆ ಬಂಡಲಿನಲ್ಲಿ ಅದೊಂದೇ ಓದಿಸಿಕೊಂಡಿತು, ಅದಕ್ಕೇ ಕಡಿಮೆ ಅಂಕ ಬೀಳಬೇಕಿತ್ತು. ಆ ಕಲಮು ತೆಗೆದುಹಾಕಿದೆ. ಈಗ ಅಂಕ ಪ್ರಶ್ನೆಗಳ ಗುಣಕ್ಕೆ, ಹೋಲಿಕೆಗೆ, ಆಧಾರಕ್ಕೆ. ಮನಸ್ಸಿನ ಬಗ್ಗೆ ಬರೆದುಕೊಳ್ಳಲು ಬೇರೆ ಡೈರಿ ಇದೆ, ಅದನ್ನು ನಾನು ಕೇಳಿದರೂ ತೋರಿಸಬೇಕೆಂದಿಲ್ಲ.

ಈ ವರ್ಷದ ತರಗತಿಯಲ್ಲಿ ನಿಷೇಧದ ನಿಯಮ ಹೇಳಿದಾಗ ಒಬ್ಬ ಹುಡುಗಿ ಕೈಯೆತ್ತಿದಳು: ‘ಹಾಗಾದರೆ “ನಾವು” ಎಂಬುದನ್ನೂ ನಿಷೇಧಿಸಬೇಕಲ್ಲವೇ? ನಮ್ಮಲ್ಲಿ ಎಲ್ಲರೂ ಒಂದೇ ಥರ ಇದ್ದೇವೆಯೇ?’ ಒಪ್ಪಿದೆ. ಮೊದಲ ವಾರ ಅದರಲ್ಲಿ ಮೂರು ಸಲ ಸಿಕ್ಕಿಬಿದ್ದವನು ನಾನೇ.