ಬಾಡಿಗೆ ಮನೆ ಬದಲಿಸಿದಾಗ ಗೃಹಜ್ಯೋತಿ ಕೈತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಮೇಲೆ, ದಿನಗೂಲಿಯಲ್ಲಿ ಬದುಕುವ ಎಷ್ಟೋ ಮನೆಗಳಿಗೆ ಕರೆಂಟ್ ಬಿಲ್ಲಿನ ಹೊರೆ ಇಳಿದಿದೆ. ಆದರೆ ಮನೆ ಬದಲಿಸಿದ ಮೇಲೆ ಶೂನ್ಯ ಬಿಲ್ ಬಾರದಿದ್ದರೆ, ಯೋಜನೆಯೇ ನಿಂತುಹೋಯಿತೆಂದು ತಿಳಿದು ಸುಮ್ಮನೆ ಹಣ ಕಟ್ಟುತ್ತಾ ಹೋಗುವವರನ್ನು ನಾನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಯೋಜನೆ ನಿಂತಿರುವುದಿಲ್ಲ, ಆಧಾರ್ ಹಳೆಯ ಮನೆಯ ಸಂಪರ್ಕಕ್ಕೇ ಜೋಡಣೆಯಾಗಿ ಉಳಿದಿರುತ್ತದೆ.

ಮೊದಲ ಹಂತ ಹಳೆಯ ಜೋಡಣೆಯನ್ನು ಬಿಡಿಸುವುದು. ಒಂದು ಆಧಾರ್ ಸಂಖ್ಯೆಗೆ ಒಂದೇ ಸಂಪರ್ಕ ಎಂಬುದು ನಿಯಮವಾದ್ದರಿಂದ, ಸೇವಾಸಿಂಧು ಪೋರ್ಟಲ್‌ನಲ್ಲಿ ಡಿ-ಲಿಂಕ್ ಮಾಡದೆ ಹೊಸ ಅರ್ಜಿ ಹಾಕಲು ಬರುವುದಿಲ್ಲ. ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ. ಆ ಸಿಮ್ ಕಳೆದುಹೋಗಿದ್ದರೆ ಮೊದಲು ಆಧಾರ್ ಕೇಂದ್ರದಲ್ಲಿ ಸಂಖ್ಯೆ ಬದಲಿಸಿಕೊಳ್ಳಿ. ಮನೆ ಖಾಲಿ ಮಾಡುವ ವಾರದಲ್ಲೇ ಈ ಕೆಲಸ ಮುಗಿಸುವುದು ಒಳ್ಳೆಯದು.

ಎರಡನೆಯದೇ ಹೆಚ್ಚಿನವರು ಎಡವುವ ಹಂತ. ಬಿಲ್ಲಿನಲ್ಲಿ ಆರ್‌ಆರ್ ನಂಬರ್ ಮತ್ತು ಅಕೌಂಟ್ ಐಡಿ ಎರಡೂ ಅಚ್ಚಾಗಿರುತ್ತವೆ, ಅರ್ಜಿಗೆ ಬೇಕಿರುವುದು ಅಕೌಂಟ್ ಐಡಿ. ಆದರೆ ಆ ಬಿಲ್ ನಿಮ್ಮ ಮನೆಯದೇ ಹೌದೋ ಅಲ್ಲವೋ ಎಂಬುದನ್ನು ಅದಕ್ಕೂ ಮೊದಲು ನೋಡಬೇಕು. ನಾಲ್ಕಾರು ಬಾಡಿಗೆ ಮನೆಗಳಿರುವ ಕಟ್ಟಡದಲ್ಲಿ ಮೀಟರ್‌ಗಳೆಲ್ಲ ಮೆಟ್ಟಿಲ ಕೆಳಗೆ ಸಾಲಾಗಿ ಕೂತಿರುತ್ತವೆ. ಮಾಲೀಕರು ಕೈಗೆ ಸಿಕ್ಕ ಬಿಲ್ ಕೊಡುತ್ತಾರೆ, ಬಾಡಿಗೆದಾರರು ಪಕ್ಕದ ಮನೆಯ ಸಂಖ್ಯೆ ತುಂಬಿ ಬರುತ್ತಾರೆ. ಬಿಲ್ಲಿನಲ್ಲಿರುವ ಮೀಟರ್ ಸಂಖ್ಯೆಯನ್ನು ಮೀಟರಿನ ಮೇಲಿರುವ ಸಂಖ್ಯೆಯೊಂದಿಗೆ ಅಂಕಿಗೆ ಅಂಕಿ ಹೋಲಿಸಿ, ನಿಮ್ಮ ಮನೆಯ ಮೇನ್ ಸ್ವಿಚ್ ಆರಿಸಿದಾಗ ಯಾವ ಮೀಟರಿನ ದೀಪ ಮಿನುಗುವುದು ನಿಲ್ಲುತ್ತದೆಂದು ನೋಡಿಕೊಂಡ ಮೇಲಷ್ಟೇ ಅರ್ಜಿ ತುಂಬಿ. ಬಿಲ್ ಮಾಲೀಕರ ಹೆಸರಿನಲ್ಲಿದ್ದರೆ ತೊಂದರೆಯಿಲ್ಲ: ಬಾಡಿಗೆದಾರ ಎಂಬುದನ್ನು ಆಯ್ದುಕೊಂಡು, ಬಾಡಿಗೆ ಕರಾರು ಅಥವಾ ಮತದಾರರ ಗುರುತಿನ ಚೀಟಿಯ ವಿವರ ಕೊಟ್ಟರಾಯಿತು. ಆ ಸಂಪರ್ಕಕ್ಕೆ ಹಿಂದಿನ ಬಾಡಿಗೆದಾರರ ಆಧಾರ್ ಇನ್ನೂ ಜೋಡಣೆಯಾಗಿದ್ದರೆ ಅವರಿಂದಲೇ ಡಿ-ಲಿಂಕ್ ಮಾಡಿಸಿ. ಅವರು ಸಿಗದಿದ್ದರೆ ಬಾಡಿಗೆ ಕರಾರಿನೊಂದಿಗೆ ನಿಮ್ಮ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಉಪವಿಭಾಗ ಕಚೇರಿಗೆ ಹೋಗಿ ವಿಚಾರಿಸಿ.

ಅರ್ಜಿ ಸಲ್ಲಿಸಿ ಸ್ವೀಕೃತಿ ತೆಗೆದಿಟ್ಟುಕೊಳ್ಳಿ. ಫೋನಿನಲ್ಲಿ ಆಗದಿದ್ದರೆ ಗ್ರಾಮ ಒನ್ ಅಥವಾ ಕರ್ನಾಟಕ ಒನ್ ಕೇಂದ್ರದಲ್ಲಿ ಮಾಡಿಸಬಹುದು. ನೂರಾರು ರೂಪಾಯಿ ಕೇಳುವ ಏಜೆಂಟರ ಬಳಿ ಖಂಡಿತ ಹೋಗಬೇಡಿ.

ಇನ್ನು ಲೆಕ್ಕದ ವಿಷಯ. ತಿಂಗಳಿಗೆ 200 ಯೂನಿಟ್ ಎಲ್ಲರಿಗೂ ಉಚಿತವೆಂಬುದು ತಪ್ಪು ತಿಳಿವಳಿಕೆ. 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿದ್ದು ಆ ಸಂಪರ್ಕದ ಉಚಿತ ಮಿತಿ. ಸರಾಸರಿ 48 ಯೂನಿಟ್‌ಗಿಂತ ಕಡಿಮೆಯಿದ್ದವರಿಗೆ ಶೇ 10ರ ಬದಲು 10 ಯೂನಿಟ್ ಸೇರಿಸಲು 2024ರ ಜನವರಿಯಲ್ಲಿ ತೀರ್ಮಾನವಾಯಿತು. ಸರಾಸರಿ 120 ಇದ್ದ ಮನೆಗೆ 132 ಉಚಿತ. 150 ಬಳಸಿದರೆ 18 ಯೂನಿಟ್‌ಗೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಆದ್ದರಿಂದ ಮುಂಗಡ ಕೊಡುವ ಮೊದಲೇ ಹೊಸ ಮನೆಯ ಹಳೆಯ ಬಿಲ್ ಕೇಳಿ ನೋಡಿ. ಹಲವು ಮನೆಗಳಿಗೆ ಒಂದೇ ಮೀಟರ್ ಇಟ್ಟು ಸಬ್‌ಮೀಟರ್ ಲೆಕ್ಕದಲ್ಲಿ ಹಣ ವಸೂಲು ಮಾಡುವ ಕಟ್ಟಡದಲ್ಲಿ ಒಟ್ಟು ಬಳಕೆ ಸುಲಭವಾಗಿ 200 ದಾಟುತ್ತದೆ. ಬಾಡಿಗೆ ತುಸು ಹೆಚ್ಚಾದರೂ ಪ್ರತ್ಯೇಕ ಮೀಟರ್ ಇರುವ ಮನೆಯನ್ನೇ ಹಿಡಿಯಿರಿ.

ಮಿತಿಯೊಳಗೆ ಉಳಿಯಲು ಮೊದಲು ಗಮನಿಸಬೇಕಾದದ್ದು ನೀರು ಕಾಯಿಸುವ ಖರ್ಚು. 2000 ವಾಟ್‌ನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ ತಿಂಗಳಿಗೆ 30 ಯೂನಿಟ್ ಹೋಗುತ್ತದೆ. ಪ್ಲಗ್‌ಗೆ ಸಿಕ್ಕಿಸಿದರೆ ಬಿಲ್ ಅರ್ಧವಾಗುತ್ತದೆಂದು ಮಾರುವ ‘ಪವರ್ ಸೇವರ್’ ಪೆಟ್ಟಿಗೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ, ಮನೆಯ ಮೀಟರ್ ದಾಖಲಿಸುವ ಯೂನಿಟ್ ಅದರಿಂದ ಇಳಿಯುವುದಿಲ್ಲ. ಆ ಹಣದಲ್ಲಿ 60 ವಾಟ್‌ನ ಹಳೆಯ ಬಲ್ಬುಗಳನ್ನು ತೆಗೆದು 9 ವಾಟ್‌ನ ಎಲ್‌ಇಡಿ ಹಾಕಿಸಿ.

ಮುಂದಿನ ಬಿಲ್ಲಿನಲ್ಲೂ ರಿಯಾಯಿತಿ ಕಾಣದಿದ್ದರೆ 1912ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆದುಕೊಳ್ಳಿ.